ಸಮುದ್ರಕ್ಕೆ ಬೇಕಾದ ಸಾಮಾನು

ಹೋದ ವರ್ಷ ಶೆಟ್ಟಿಹಳ್ಳಿಯ ಅಂಗಡಿಯೊಂದರಲ್ಲಿ ನನ್ನ ಗಂಡನಿಗೆ ಮೀನು ಕೊಡುವುದಿಲ್ಲ ಎಂದರು. ಹಣ ಕೈಯಲ್ಲಿತ್ತು. ಮೀನು ಕಣ್ಣೆದುರೇ ಈಜುತ್ತಿತ್ತು. ಆದರೂ ಇಲ್ಲವೆಂದರೆ ಇಲ್ಲ. ಹೆಣ್ಣು ಕೇಳಲು ಬಂದಾಗಲೂ ಈ ಮನುಷ್ಯನಿಗೆ ಇಷ್ಟೊಂದು ಅಡ್ಡಿ ಎದುರಾಗಿರಲಿಲ್ಲ. (ನಾನೇ ಸಾಕ್ಷಿ.)

ಮೊದಲಿನಿಂದ ಹೇಳುತ್ತೇನೆ. ನನ್ನ ಗಂಡ ನಾಗರಾಜ್‌ಗೆ ಐವತ್ತನಾಲ್ಕು ವಯಸ್ಸು. ಅದೇ ವರ್ಷದ ಬೇಸಿಗೆಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದರು. ಹೆಬ್ಬಾಳದ ಡಾಕ್ಟರು ಮನೆಗೆ ಕಳಿಸುವಾಗ, ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಕೂತು ಏನನ್ನಾದರೂ ನೋಡುತ್ತಿರಿ, ಮನಸ್ಸು ಹಗುರಾಗುತ್ತದೆ ಎಂದರು. ಅವರು ಹೇಳಿದ್ದು ಬಹುಶಃ ಯಲಹಂಕ ಕೆರೆಯ ದಂಡೆಯ ಬಗ್ಗೆ. ನಾಗರಾಜ್‌ಗೆ ಹೊಳೆದದ್ದು ಸಮುದ್ರ. ಅದೂ ನಮ್ಮ ಫ್ಲ್ಯಾಟಿನಲ್ಲಿ, ಟಿವಿ ಪಕ್ಕದಲ್ಲಿ.

ಮಾಮೂಲಿ ಅಕ್ವೇರಿಯಂ ಆದರೆ ನಾನೂ ಹೂಂ ಎನ್ನುತ್ತಿದ್ದೆ. ಇದು ಉಪ್ಪುನೀರಿನದು. ಒಳಗೆ ಜೀವಂತ ಹವಳ, ಹವಳದ ಸಂದಿಯಲ್ಲಿ ಓಡಾಡುವ ಮೀನು. ಕಂಪನಿಯ ಪರ್ಚೇಸ್ ವಿಭಾಗದಲ್ಲೇ ಕೂದಲು ಹಣ್ಣಾದ ಮನುಷ್ಯ ಬರಿಗೈಯಲ್ಲಿ ಅಂಗಡಿಗೆ ಹೋಗುತ್ತಾರೆಯೇ? ಎರಡು ವಾರ ವಿಡಿಯೋ ನೋಡಿದರು. ಎಕ್ಸೆಲ್ ಶೀಟ್ ಮಾಡಿದರು. ಮೂವತ್ತು ಲೀಟರಿನ ಪುಟ್ಟ ಟ್ಯಾಂಕು, ನೀರಿನ ನೊರೆ ತೆಗೆಯುವ ಯಂತ್ರ, ನೀರು ತಣ್ಣಗಿಡುವ ಚಿಲ್ಲರ್, ಮೊಬೈಲಿನಲ್ಲೇ ಸೂರ್ಯೋದಯ ಸೂರ್ಯಾಸ್ತ ಮಾಡಿಸುವ ಲೈಟು. ಕೊನೆಯ ಸಾಲಿನಲ್ಲಿ: ಮೀನು, ಆರು.

ಅಂಗಡಿ ಪದ್ಮಕ್ಕನದು. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿಂದ ಅಲ್ಲೇ ಇರುವ ಮನೆತನ. ಮನೆಯ ಕೆಳಗಡೆಯೇ ಅಂಗಡಿ. ಅವರು ಪಟ್ಟಿಯನ್ನು ಪೂರ್ತಿ ಓದಿದರು. ಆಮೇಲೆ ಕಿವಿಯ ಮೇಲಿದ್ದ ಪೆನ್ನು ತೆಗೆದು, ಕೊನೆಯ ಸಾಲನ್ನೇ ಮೊದಲು ಹೊಡೆದುಹಾಕಿದರು.

ಮುಂದಿನ ಏಟು ಟ್ಯಾಂಕಿಗೆ. ಹೊಸಬರು ಚಿಕ್ಕದರಿಂದ ಶುರು ಮಾಡುವುದು ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ. ಪದ್ಮಕ್ಕ ನನ್ನ ಕಡೆ ತಿರುಗಿದರು.

"ಒಂದ್ ಲೋಟ ಸಾರಿಗೆ ಉಪ್ಪು ಜಾಸ್ತಿ ಬಿದ್ರೆ ಏನ್ ಮಾಡ್ತೀರಾ ಮೇಡಂ? ಚೆಲ್ತೀರ. ಅದೇ ಒಂದ್ ಅಂಡೆ ಸಾರಿದ್ರೆ? ಗೊತ್ತೇ ಆಗಲ್ಲ. ನೀರೂ ಇಂಗೇ."

ಹಂಡೆಯ ಲೆಕ್ಕ ನನಗೆ ಅರ್ಥವಾಯಿತು. ಕಡಿಮೆ ನೀರು ಬೇಗ ಕೆಡುತ್ತದೆ, ಬೇಗ ಕಾಯುತ್ತದೆ, ತಪ್ಪನ್ನು ಕ್ಷಮಿಸುವುದಿಲ್ಲ. ಟ್ಯಾಂಕು ನೂರು ಲೀಟರಿಗೆ ಬೆಳೆಯಿತು.

ನೊರೆ ಯಂತ್ರ ಹೋಯಿತು. ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಾಯಿಸಿದರೆ ನೂರು ಲೀಟರಿನ ಟ್ಯಾಂಕಿಗೆ ಅದು ಬೇಡವಂತೆ. ಚಿಲ್ಲರ್ ಹೋಗಿ, ನೀರಿನ ಮೇಲೆ ಗಾಳಿ ಬೀಸುವ ಪುಟ್ಟ ಫ್ಯಾನ್ ಬಂತು. ಚಳಿಗಾಲಕ್ಕೆ ಹೀಟರು, ಅದನ್ನು ನಂಬದೇ ಇರಲು ಒಂದು ಥರ್ಮಾಮೀಟರು. ಬೋರ್‌ವೆಲ್ ನೀರು ಬೇಡ, ಆರ್‌ಒ ನೀರಿಗೇ ಸಮುದ್ರದ ಉಪ್ಪು ಬೆರೆಸಬೇಕು. ಉಪ್ಪು ಎಷ್ಟಿದೆ ಎಂದು ನೋಡಲು ಒಂದು ಅಳತೆಗಾಜು. ನೀರಿನಲ್ಲಿ ವಿಷ ಸೇರಿದೆಯೇ ಎಂದು ನೋಡಲು ಟೆಸ್ಟ್ ಕಿಟ್. ಕೊನೆಗೆ, ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಕರೆಂಟು ಹೋದಾಗ ಬ್ಯಾಟರಿಯಲ್ಲಿ ನೀರಿಗೆ ಗಾಳಿ ಊದುವ ಪಂಪು. ಇದನ್ನು ಮಾತ್ರ ಬಿಡಬೇಡಿ ಎಂದು ಪದ್ಮಕ್ಕ ಎರಡು ಸಲ ಹೇಳಿದರು.

ನಾಗರಾಜ್ ಅದನ್ನೇ ಬಿಟ್ಟರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಇದೆ ಎಂದರು. ಸೂರ್ಯೋದಯದ ಲೈಟು ಮಾತ್ರ ತಂದರು. ಅದು ಬೇಡ, ಸಾದಾ ಲೈಟು ಸಾಕು ಎಂದು ಪದ್ಮಕ್ಕ ಹೇಳಿದ್ದು ಅವರಿಗೆ ಕೇಳಿಸಲಿಲ್ಲ. (ಕಿವಿಗೆ ಸ್ಟೆಂಟ್ ಹಾಕಿರಲಿಲ್ಲ.)

ಮೀನು ಯಾವಾಗ? ಮೊದಲು ನೀರನ್ನು ಸಾಕಿ, ಆಮೇಲೆ ಮೀನನ್ನು ಎಂದರು ಪದ್ಮಕ್ಕ. ಟ್ಯಾಂಕಿಗೆ ಕಲ್ಲು ಹಾಕಿ, ಮೀನಿನ ಕೊಳೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ಬೆಳೆಯುವವರೆಗೆ ಕಾಯಬೇಕು. ಪ್ರತಿ ವಾರ ಬಾಟಲಿಯಲ್ಲಿ ನೀರು ತಂದು ತೋರಿಸಬೇಕು.

ಆರು ವಾರ ನಮ್ಮ ಮನೆಯಲ್ಲಿ ಖಾಲಿ ಸಮುದ್ರವಿತ್ತು. ಬಂದವರೆಲ್ಲ ಮೀನು ಸತ್ತುಹೋಯಿತೇ ಎಂದು ಕೇಳುತ್ತಿದ್ದರು. ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದೆ. ನಾಗರಾಜ್ ಪರೀಕ್ಷೆಗೆಂದು ಆಸ್ಪತ್ರೆಯಲ್ಲಿ ರಕ್ತ, ಅಂಗಡಿಯಲ್ಲಿ ನೀರು ಕೊಟ್ಟು ಬರುತ್ತಿದ್ದರು. ಕೊನೆಗೊಂದು ದಿನ ಪದ್ಮಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯಿದ್ದ ಎರಡು ಮೀನು, ಅಂಗೈಯಗಲದ ಒಂದು ಮೆತ್ತನೆಯ ಹವಳ ಕೊಟ್ಟರು. ಆರು ಕೇಳಿದ್ದವರು ಎರಡಕ್ಕೇ ತಲೆಬಾಗಿಸಿ ಥ್ಯಾಂಕ್ಸ್ ಹೇಳಿದರು.

ಅಲ್ಲಿಂದ ಬೆಳಗಿನ ಕಾಫಿ ಟ್ಯಾಂಕಿನ ಮುಂದೆಯೇ. ಅವರ ಬಿಪಿ ನಿಜಕ್ಕೂ ಇಳಿಯಿತು.

ಎರಡು ತಿಂಗಳ ನಂತರದ ಒಂದು ಶನಿವಾರ. ಬೆಳಗ್ಗೆ ಒಂಬತ್ತಕ್ಕೆ ಯಾರೋ ರಸ್ತೆ ಅಗೆಯುವಾಗ ಕೇಬಲ್ ತುಂಡಾಯಿತು. ಜನರೇಟರಿಗೆ ಹಿಂದಿನ ದಿನವೇ ಕಾಯಿಲೆ. ಹನ್ನೆರಡಾದರೂ ಕರೆಂಟಿಲ್ಲ. ಅಡುಗೆಮನೆಯಿಂದ ಬಂದು ನೋಡುತ್ತೇನೆ, ಎರಡೂ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ. ನಾಗರಾಜ್ ಎದುರಿಗೆ ನಿಂತಿದ್ದಾರೆ. ಮುಖ ಬಿಳಿಚಿದೆ. ಆಮೇಲೆ ನಾನು ನೋಡಿದ್ದು ಮೀನನ್ನಲ್ಲ, ಅವರ ಎದೆಯನ್ನು.

ಪದ್ಮಕ್ಕನಿಗೆ ಫೋನ್ ಮಾಡಿದೆ. ತೊಳೆದ ಮಗ್ಗಿನಲ್ಲಿ ಟ್ಯಾಂಕಿನ ನೀರೇ ಎತ್ತಿ ಮೇಲಿಂದ ಸುರಿಯಿರಿ, ನೀರಿಗೆ ಗಾಳಿ ಸೇರುತ್ತದೆ, ನಿಲ್ಲಿಸಬೇಡಿ, ನಾನು ಬರುತ್ತೇನೆ ಎಂದರು. ಶೆಟ್ಟಿಹಳ್ಳಿಯಿಂದ ಯಲಹಂಕಕ್ಕೆ, ಶನಿವಾರದ ಟ್ರಾಫಿಕ್ಕಿನಲ್ಲಿ.

ಸುರಿಯತೊಡಗಿದೆವು. ನಾಗರಾಜ್ ಹತ್ತು ನಿಮಿಷ, ನಾನು ಹತ್ತು ನಿಮಿಷ. ಅವರ ಸರದಿ ಮುಗಿದರೂ ಮಗ್ಗು ಬಿಡಲಿಲ್ಲ. ಕಿತ್ತುಕೊಂಡು ಕುರ್ಚಿಯಲ್ಲಿ ಕೂರಿಸಿದೆ. ಕೂತಲ್ಲಿಂದಲೇ ಅವರು ಕೇಳಿದರು: "ನನ್ನನ್ನ ಒಳಗೆ ಕರ್ಕೊಂಡು ಹೋದಾಗ ನೀನು ಹೊರಗಡೆ ಏನ್ ಮಾಡ್ತಿದ್ದೆ?"

ಆಸ್ಪತ್ರೆಯ ಆ ದಿನದ ಬಗ್ಗೆ ನಾವು ಅಲ್ಲಿಯವರೆಗೆ ಮಾತಾಡಿರಲೇ ಇಲ್ಲ.

"ಏನೂ ಇಲ್ಲ," ಎಂದೆ. "ನನ್ನ ಕೈಗೆ ಯಾರೂ ಮಗ್ ಕೊಟ್ಟಿರಲಿಲ್ಲ."

ಅವರು ಎದ್ದು ಬಂದರು. ಮಗ್ಗಿಗೆ ಕೈ ಹಾಕಲಿಲ್ಲ. ನನ್ನ ಪಕ್ಕ ನಿಂತರು. ನಾನು ಸುರಿಯುತ್ತಲೇ ಇದ್ದೆ. ಕಣ್ಣೀರೂ ಉಪ್ಪುನೀರೇ ಆದ್ದರಿಂದ ಟ್ಯಾಂಕಿಗೆ ತೊಂದರೆಯಾಗಲಿಲ್ಲ.

ಒಂದೂವರೆ ಗಂಟೆಯ ಮೇಲೆ ಪದ್ಮಕ್ಕ ಸ್ಕೂಟರಿನಲ್ಲಿ ಬಂದರು. ಅಂದು ನಾವು ಬಿಟ್ಟುಬಂದ ಅದೇ ಡಬ್ಬಿಯನ್ನು ಟ್ಯಾಂಕಿನ ಅಂಚಿಗೆ ಸಿಕ್ಕಿಸಿ, ಸಣ್ಣ ಕೊಳವೆ ನೀರಿಗಿಳಿಸಿ, ಗುಂಡಿ ಒತ್ತಿದರು. ಗುರ್ ಎಂದಿತು. ಗುಳ್ಳೆ ಎದ್ದವು. ಸ್ವಲ್ಪ ಹೊತ್ತಿಗೆ ಮೀನುಗಳು ಕೆಳಗಿಳಿದವು. ನಾನು ಹೇಳಿರಲಿಲ್ಲವೇ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ನಾಗರಾಜ್ ಮುಖ ನೋಡಿ, "ನೀವ್ ಕೂತ್ಕೊಳಿ ಸಾರ್, ಮೊದ್ಲು ನೀರ್ ಕುಡೀರಿ," ಎಂದರು ಅಷ್ಟೇ.

ಕರೆಂಟು ಬಂದದ್ದು ನಾಲ್ಕು ಗಂಟೆಗೆ. ಮೀನು ಎರಡೂ ಉಳಿದವು. ಹವಳ ಒಂದು ವಾರ ಮುನಿಸಿಕೊಂಡು ಮುದುಡಿತ್ತು, ಆಮೇಲೆ ಅರಳಿತು. ನಾಗರಾಜ್ ಎಕ್ಸೆಲ್ ಶೀಟ್ ತೆರೆದು, ಆ ಡಬ್ಬಿಯ ಹೆಸರನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೆ ಸೇರಿಸಿದರು. ಇನ್ನು ಮುಂದೆ ಯಾರಾದರೂ ಕೇಳಿದರೆ ಪಟ್ಟಿ ಕಳಿಸಬಹುದಂತೆ.

ಲೈಟು ನೋಡಿ ಮರುಳಾಗಿ, ಉಸಿರನ್ನು ಅಂಗಡಿಯಲ್ಲೇ ಬಿಟ್ಟು ಬರುವವರು ನಾವು ಇಬ್ಬರೇ ಅಲ್ಲವೆಂದು ನನಗೆ ಗೊತ್ತು. ಅಂಗಡಿಗೆ ಯಾವಾಗಲೂ ಕರೆಂಟು ಇದ್ದಾಗಲೇ ಹೋಗುತ್ತೇವಲ್ಲ, ಅದೇ ತೊಂದರೆಯೇನೋ?