ರೊಟ್ಟಿ ಜೋಡಿ ಏನ ಉಣ್ತೀರಿ?

ಗದಗಿನ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವ ಫಕ್ಕೀರವ್ವ ಮೇಡಂ ಬೆಳ್ಳಟ್ಟಿಯ ಒಕ್ಕಲು ಮನೆತನದವರು. ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಅರಗಿಸಿಕೊಂಡವರು. ಇಂಥವರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಹೊಗಳಿಕೆ ಹೆಚ್ಚಾಯಿತು ಎನ್ನುವವರು ಎನ್ನಲಿ, ನನಗೇನೂ ಬೇಸರವಿಲ್ಲ.

ಅವರ ಮೊದಲ ಪಾಠ ಬಸ್ಸಿನಿಂದ ಶುರುವಾಗುತ್ತಿತ್ತು. "ನುಂಗಿದ ಗುಳಗಿ ಅಂದ್ರ ಬೆಳ್ಳಟ್ಟಿ ಬಸ್ ಇದ್ದಂಗ. ಹೊಟ್ಟಿ, ಕರುಳು ದಾಟಿ ಮೊದಲ ಯಕೃತ್ತಿನ ಸ್ಟಾಪಿಗೆ ಬರತೈತಿ. ಅಲ್ಲೇ ಅರ್ಧಾ ಮಂದಿ ಇಳದಬಿಡ್ತಾರ. ಉಳದವ್ರಷ್ಟ ಊರ ಮುಟ್ಟತಾರ. ಸೂಜಿ ಚುಚ್ಚಿ ರಕ್ತಕ್ಕ ಹಾಕಿದ್ದು ಮಾತ್ರ ಸೀದಾ ಊರಿಗೆ. ಅದಕ್ಕ ಎರಡರ ಡೋಸ್ ಒಂದ ಇರೂದಿಲ್ಲ." ಒಂದೇ ಸೀಟಿಗೆ ಎರಡು ಔಷಧಿ ಜಗಳಕ್ಕೆ ಬಿದ್ದರೆ ಏನಾಗುತ್ತದೆ ಎಂಬುದನ್ನೂ ಅದೇ ಬಸ್ಸಿನಲ್ಲಿ ಕೂಡಿಸಿ ತೋರಿಸುತ್ತಿದ್ದರು. ನಾವು ನಗುತ್ತಿದ್ದೆವು, ಆದರೆ ಮರೆಯುತ್ತಿರಲಿಲ್ಲ.

ರೋಗಿಗಳಿಗೆ ಅವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: "ರೊಟ್ಟಿ ಜೋಡಿ ಏನ ಉಣ್ತೀರಿ?" ಇದು ಉಭಯಕುಶಲೋಪರಿ ಎಂದೇ ನಾನು ತಿಳಿದಿದ್ದೆ.

ನಾನು ಶ್ರೀಲಕ್ಷ್ಮೀ, ಲಕ್ಷ್ಮೇಶ್ವರದ ಮಾಸ್ತರರ ಮಗಳು. ನಮ್ಮ ಮನೆಯಲ್ಲಿ ಬಾಯಿಪಾಠ ಬಂದವಳೇ ಜಾಣೆ. ಯಾವ ಔಷಧಿಗೆ ಯಾವುದು ಸಲ್ಲದು ಎಂಬುದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಸೊಕ್ಕು ಬೇಕಾದಷ್ಟಿತ್ತು.

ಮೂರನೇ ವರ್ಷ ಆಸ್ಪತ್ರೆಯ ಕೆಲಸಕ್ಕೆ ಹಾಕಿದಾಗ ಕೊರ್ಲಹಳ್ಳಿಯ ಸಕ್ರಪ್ಪ ಕಾಕಾ ಬಂದರು. ಅವರ ಹೃದಯದ ಕವಾಟ ಬದಲಿಸಿ ಎರಡು ವರ್ಷವಾಗಿತ್ತು. ಹೊಸ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ವಾರ್ಫರಿನ್ ಗುಳಿಗೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಎಲ್ಲವೂ ಸರಿಯಾಗಿಯೇ ನಡೆದಿತ್ತು. ನಾನು ಪುಸ್ತಕ ನೆನೆಸಿಕೊಂಡು, ತಪ್ಪಲ ಪಲ್ಯ, ಅಂದರೆ ಹಸಿರು ಸೊಪ್ಪು, ತಿನ್ನುತ್ತೀರಾ ಎಂದು ಕೇಳಿದೆ.

"ಹಕ್ಕರಿಕಿ, ಮೆಂತೇ ತಪ್ಪಲಾ ಇಲ್ದ ರೊಟ್ಟಿ ಗಂಟಲದಾಗ ಇಳಿಯೂದಿಲ್ಲ ತಂಗಿ," ಎಂದು ಕಾಕಾ ನಕ್ಕರು.

"ಅಯ್ಯೋ, ಬಿಡ್ರಿ ಕಾಕಾ! ತಪ್ಪಲಾ ರಕ್ತ ಹೆಪ್ಪಗಟ್ಟಸ್ತದ, ಈ ಗುಳಗಿ ಕೆಲಸಾ ಕೆಡಸ್ತದ. ಇನ್ನ ಮುಟ್ಟಬ್ಯಾಡ್ರಿ."

ಒಂದು ತಿಂಗಳ ಮೇಲೆ ಅವರು ಮತ್ತೆ ಬಂದಾಗ ಒಸಡಿನಿಂದ ರಕ್ತ ಸೋರುತ್ತಿತ್ತು, ತೋಳಿನ ಮೇಲೆ ನೀಲಿ ಕಲೆಗಳಿದ್ದವು. ರಕ್ತಪರೀಕ್ಷೆಯ ಅಂಕಿ ಎರಡು ಪಟ್ಟಾಗಿತ್ತು. ರಕ್ತ ಹೆಪ್ಪುಗಟ್ಟುವುದನ್ನೇ ಮರೆತಿತ್ತು. ಡಾಕ್ಟರು ಕಾಕಾನ ಹೆಂಡತಿ ಹೇಮವ್ವನ ಕಡೆ ತಿರುಗಿದರು. "ಒಂದರ ಬದ್ಲಿ ಎರಡ ಗುಳಗಿ ಕೊಟ್ಟಿ ಏನವಾ?"

ಹೇಮವ್ವನಿಗೆ ಓದಲು ಬಾರದು. "ಇಲ್ರಿ ಸಾಹೇಬ್ರ, ನನ್ನ ಕೈಯಾರೆ ಒಂದ ಕೊಡ್ತೀನ್ರಿ," ಎನ್ನುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ನಂಬದೆ ಡೋಸ್ ಇಳಿಸಿ ಬರೆಯತೊಡಗಿದರು.

ಅಷ್ಟರಲ್ಲಿ, ನಮ್ಮ ಕೆಲಸ ನೋಡಲು ವಾರ್ಡಿಗೆ ಬಂದಿದ್ದ ಫಕ್ಕೀರವ್ವ ಮೇಡಂ ಹೇಮವ್ವನ ಚೀಲವನ್ನು ಹಾಸಿಗೆಯ ಮೇಲೆ ಸುರುವಿದರು. ನೋವಿನ ಗುಳಿಗೆ ಇರಲಿಲ್ಲ, ನೆರೆಮನೆಯವರು ಕೊಟ್ಟದ್ದೂ ಇರಲಿಲ್ಲ. ವಾರ್ಫರಿನ್ ದಿನಕ್ಕೊಂದರಂತೆ ಲೆಕ್ಕಕ್ಕೆ ಸರಿಯಿತ್ತು. "ಗುಳಗಿ ಬರೋಬರಿ ಅದಾವ್ರಿ ಡಾಕ್ಟರ, ಈ ತಾಯಿ ತಪ್ಪಿಲ್ಲ," ಎಂದು ಹೇಳಿ ಮೇಡಂ ಕಾಕಾನನ್ನು ಕೇಳಿದರು, "ಕಾಕಾ, ರೊಟ್ಟಿ ಜೋಡಿ ಏನ ಉಣ್ತೀರಿ?"

"ಬರೇ ಬ್ಯಾಳಿರಿ. ತಪ್ಪಲಾ ಬಿಟ್ಟ ತಿಂಗಳಾತು. ಸಿಸ್ಟರ್ ಬ್ಯಾಡಂದ್ರಲ್ಲಾ."

ಮೇಡಂ ಡಾಕ್ಟರಿಗೆ ಹೇಳಿದರು, "ತಕ್ಕಡ್ಯಾಗ ಈ ಕಡೆ ತಪ್ಪಲಾ, ಆ ಕಡೆ ಗುಳಗಿ ಇಟ್ಟ ಸಮಾ ಮಾಡಿದ್ವಿ. ತಪ್ಪಲಾ ತಗದ್ರ ಗುಳಗಿ ಕಡೆ ವಾಲೂದ ಅಲ್ರಿ? ಈಗ ಡೋಸ್ ಇಳಿಸಿ ಕಳಿಸಿದ್ರ, ನಾಳೆ ಊರಾಗ ಮತ್ತ ಹಕ್ಕರಿಕಿ ತಿಂತಾರ. ಆವಾಗ ಕವಾಟದ ಮ್ಯಾಲ ರಕ್ತ ಹೆಪ್ಪಗಟ್ಟತೈತಿ."

"ಯಾವ ಸಿಸ್ಟರ್ ಹೇಳಿದ್ದು?" ಎಂದು ಡಾಕ್ಟರು ಗುಡುಗಿದರು.

ಕಾಕಾ ನನ್ನ ಮುಖ ನೋಡಿ ತಲೆ ತಗ್ಗಿಸಿಕೊಂಡರು, ಹೆಸರು ಹೇಳಲಿಲ್ಲ. ನನ್ನ ನಾಲಿಗೆ ಏಳಲಿಲ್ಲ. ಅಪ್ಪನ ಕಿವಿಗೆ ಬಿದ್ದರೆ ಹೇಗೆ ಎಂಬ ಒಂದೇ ಚಿಂತೆ. ಮೇಡಂ ನನ್ನನ್ನೊಮ್ಮೆ ನೋಡಿ ಮುಂದೆ ಬಂದರು.

"ತಪ್ಪ ನಂದ್ರಿ. ಒಮ್ಮೆಲೆ ತಪ್ಪಲಾ ಬಿಡಬಾರದು, ದಿನಾ ತಿನ್ನೂವಷ್ಟ ತಿನಬೇಕು ಅನ್ನೂದನ್ನ ಹುಡುಗ್ಯಾರಿಗೆ ಕಲಿಸಲಿಲ್ಲ. ಅರ್ಧಾ ಪಾಠ ಹೇಳಿ ಕಳಿಸಿದಾಕಿ ನಾನು."

ಡಾಕ್ಟರು ಎಲ್ಲರೆದುರು ಅವರಿಗೆ ಅನ್ನಬಾರದ್ದನ್ನೆಲ್ಲ ಅಂದರು. ಮೇಡಂ ಕದಲಲಿಲ್ಲ. ಬೈಗುಳ ಮುಗಿದ ಮೇಲೆ, "ಆತ್ರಿ. ಈಗ ಈ ತಾಯಿಗೆ ಅಂದ ಮಾತ ವಾಪಸ್ ತಗೋರ್ರಿ," ಎಂದರು. ಡಾಕ್ಟರು ತಗೊಂಡರು! ಆ ಕ್ಷಣ ನೆನೆದರೆ ಇವತ್ತಿಗೂ ನನ್ನ ಎದೆಯುಬ್ಬುತ್ತದೆ, ನನ್ನ ಮೌನ ನೆನೆದರೆ ತಲೆ ಬಾಗುತ್ತದೆ.

ಎರಡು ದಿನ ಗುಳಿಗೆ ನಿಲ್ಲಿಸಿ, ಆಮೇಲೆ ಹಳೆಯ ಡೋಸನ್ನೂ ದಿನಕ್ಕೊಂದು ಹಿಡಿ ತಪ್ಪಲನ್ನೂ ಮತ್ತೆ ಶುರು ಮಾಡಿಸಿದರು. ವಾರದ ಪರೀಕ್ಷೆಗಳಲ್ಲಿ ಅಂಕಿ ಇಳಿದು ಹದಕ್ಕೆ ಬಂತು. ಹೇಮವ್ವ ಮೇಡಂಗೆ ದೊಡ್ಡ ಸಿವುಡು ಹಕ್ಕರಿಕಿ ತಂದುಕೊಟ್ಟಳು. ಮೇಡಂ ಅದರಲ್ಲಿ ಅರ್ಧ ನನ್ನ ಕೈಗಿಟ್ಟರು.

ಅಂದಿನಿಂದ ಪ್ರತಿ ವರ್ಷ ಅವರು ತರಗತಿಯಲ್ಲಿ ಈ ಕಥೆ ಹೇಳುತ್ತಿದ್ದರು, ತಮ್ಮದೇ ತಪ್ಪು ಎಂದು. ಏಳು ವರ್ಷ ಹಾಗೆಯೇ ಕಳೆಯಿತು. ಹೋದ ತಿಂಗಳು ನಾನೂ ಅದೇ ಕಾಲೇಜಿಗೆ ಕಲಿಸಲು ಸೇರಿದೆ. ಮೊದಲ ದಿನ ಅವರ ಪಾಠ ಕೇಳಲು ಕೊನೆಯ ಬೆಂಚಿನಲ್ಲಿ ಕುಳಿತೆ.

"ಒಂದ ವರ್ಷ ನಾ ಒಂದ ತಪ್ಪ ಮಾಡಿದೆ," ಎಂದು ಮೇಡಂ ಆರಂಭಿಸಿದರು.

ನಾನು ಎದ್ದು ನಿಂತೆ. "ಇಲ್ರಿ ಮೇಡಂ. ಸಕ್ರಪ್ಪ ಕಾಕಾಗ ತಪ್ಪಲಾ ಬಿಡಿಸಿದಾಕಿ ನಾನು. ಆ ದಿನಾ ಬಾಯಿ ಮುಚ್ಚಕೊಂಡ ನಿಂತಾಕಿನೂ ನಾನೇ."

ಹುಡುಗಿಯರೆಲ್ಲ ತಿರುಗಿ ನನ್ನನ್ನೇ ನೋಡಿದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಆತು. ಉಳದ ಅರ್ಧಾ ಪಾಠ ಇವತ್ತ ಮುಗೀತು," ಎಂದು ಸೀಮೆಸುಣ್ಣವನ್ನು ನನ್ನತ್ತ ಚಾಚಿದರು. "ಬಾ, ಮುಂದಿಂದ ನೀ ಹೇಳ."

ನಾನು ಹಲಗೆಯ ಮುಂದೆ ಹೋಗಿ ನಿಂತೆ. ಆಮೇಲೆ ಹುಡುಗಿಯರನ್ನು ಕೇಳಿದೆ, "ನೀವೆಲ್ಲಾ ರೊಟ್ಟಿ ಜೋಡಿ ಏನ ಉಣ್ತೀರಿ?"