ಅಕ್ಕೋರು ನೀರೆರೆದ ಗುಂಡಿ

ಅಕ್ಕೋರ, ನಿಮ್ಮ ಬಲಗೈ ಮುರಿದದ್ದು ನೀವು ಗುಂಡಿಗೆ ನೀರು ಹಾಕದ್ದರಿಂದಲ್ಲ, ನನ್ನಿಂದ. ನೀವು ಇಡೀ ಬಾವಿಯನ್ನೇ ತಂದು ಅಲ್ಲಿ ಸುರಿದಿದ್ದರೂ ಅವತ್ತು ಕರೆಂಟು ನಿಮ್ಮನ್ನು ಬಿಡುತ್ತಿರಲಿಲ್ಲ, ಯಾಕೆಂದರೆ ಆ ಗುಂಡಿಯಲ್ಲಿ ಇರಬೇಕಾದದ್ದು ಇರಲೇ ಇಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ನಿಮ್ಮ ಕೈ ಮುರಿದು ಐದು ವರ್ಷವಾಯಿತು, ಐದು ವರ್ಷವೂ ಬಾಯಿ ಮುಚ್ಚಿಕೊಂಡಿದ್ದೆ.

ಎದುರಿಗೇ ಹೇಳಿಬಿಡಬೇಕೆಂದು ಮೂರು ಸಲ ನಿಮ್ಮ ಮನೆಗೆ ಬಂದಿದ್ದೆ. ಮೂರು ಸಲವೂ ನೀವು "ಬಾರಪಾ ದಸ್ತಗೀರ, ಕುಂಡ್ರು" ಎಂದು ಚಹಾ ಇಟ್ಟಿರಿ, ಶೇಂಗಾ ಹೋಳಿಗೆ ಕೊಟ್ಟಿರಿ. ನಾನು ತಿಂದು, ಬಾಯಿ ಒರೆಸಿಕೊಂಡು ಎದ್ದು ಬಂದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ತಿಕೋಂಡಿಯ ಕನ್ನಡ ಸಾಲೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ನೀವು. ಊರು ಮಹಾರಾಷ್ಟ್ರದ್ದು, ಆಮೇಲೆ ಐಟಿಐ, ವಾಯರ್‌ಮನ್ ಲೈಸೆನ್ಸು, ಅರ್ಜಿಗಳು ಎಲ್ಲ ಮರಾಠಿಯಲ್ಲೇ ಆದವು. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಸಾಲೆ ಬಿಟ್ಟ ಮೇಲೆ ಇದೇ ಮೊದಲು. ಕಾಗುಣಿತ ತಪ್ಪಿದ್ದರೆ ಎಂದಿನಂತೆ ಕೆಂಪು ಗೆರೆ ಎಳೆಯಿರಿ. ಆದರೆ ಮೊದಲು ಪೂರ್ತಿ ಓದಿ.

ನೀವು ನಿವೃತ್ತಿಯಾಗಿ ಹೊಸ ಮನೆ ಕಟ್ಟಿಸಿದ ವರ್ಷ. ವೈರಿಂಗ್ ಕೆಲಸಕ್ಕೆ ಜತ್ತಿನಿಂದ ದೊಡ್ಡ ಗುತ್ತಿಗೆದಾರರನ್ನು ಕರೆಸೋಣ ಎಂದು ನಿಮ್ಮ ಯಜಮಾನರು, ನಮ್ಮ ಕಾಕಾ, ಹೇಳಿದರು. ನೀವು ಒಪ್ಪಲಿಲ್ಲ. "ನಾ ಕಲಿಸಿದ ಹುಡುಗ ಊರಾಗ ಇರೂವಾಗ ಮಂದಿನ್ಯಾಕ ಕರೀಬೇಕ್ರಿ? ದಸ್ತಗೀರನ ಕೈ ಸುದ್ದ ಐತಿ" ಎಂದಿರಿ. ನಾನು ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ, ಕೇಳಿಸಿತು. ನಲವತ್ತರ ಗಂಡಸು, ಸಾಲೆಯಲ್ಲಿ ಪಾಟಿಯ ಮೇಲೆ ಶಾಭಾಸ್ ಬರೆಸಿಕೊಂಡ ದಿನದಂತೆ ಉಬ್ಬಿಹೋದೆ.

ಅರ್ಥಿಂಗ್ ಏನೆಂದು ಈಗ ನಿಮಗೆ ಚೆನ್ನಾಗಿ ಗೊತ್ತು. ದಾರಿ ತಪ್ಪಿ ಯಂತ್ರದ ಮೈಗೆ ಬಂದ ಕರೆಂಟು ಮನುಷ್ಯರ ಮೈಯೊಳಗೆ ಹಾಯದೆ ನೆಲಕ್ಕಿಳಿಯಲೆಂದು ಮಾಡುವ ಏರ್ಪಾಡು. ಎಂಟಡಿ ಪೈಪನ್ನು ನೆಲದೊಳಗೆ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಬೇಕು. ನಿಮ್ಮ ಹಿತ್ತಲಲ್ಲಿ ಎರಡಡಿ ತೋಡುವುದರೊಳಗೆ ಕಲ್ಲು ಹತ್ತಿತು. ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ಶುಕ್ರವಾರ ವಾಸ್ತುಶಾಂತಿ, ಅದರೊಳಗೆ ಮೀಟರು ಬರಬೇಕು, ಮೀಟರಿಗೆ ನನ್ನ ಸಹಿಯ ಟೆಸ್ಟ್ ರಿಪೋರ್ಟು ಬೇಕು...

ಪೈಪು ಕತ್ತರಿಸಿದೆ, ಅಕ್ಕೋರ. ಎರಡಡಿಯ ತುಂಡನ್ನು ಕಲ್ಲಿನ ಮೇಲೆ ನಿಲ್ಲಿಸಿ, ಮೇಲಷ್ಟೇ ಇದ್ದಿಲು ಉಪ್ಪು ಹಾಕಿ, ಸುತ್ತ ಚಂದಾಗಿ ಸಿಮೆಂಟಿನ ಕಟ್ಟೆ ಕಟ್ಟಿ ಮುಚ್ಚಳ ಇಟ್ಟೆ. "ಅರ್ಥಿಂಗ್ ತಪಾಸಣೆ ಮಾಡಿದ್ದೇನೆ, ಸರಿ ಇದೆ" ಎಂದು ರಿಪೋರ್ಟಿನಲ್ಲಿ ಬರೆದು ಸಹಿ ಹಾಕಿದೆ. ಆಮೇಲೆ ಬಂದು ಸರಿಪಡಿಸಿದರಾಯಿತು ಅಂದುಕೊಂಡೆ. ಆ "ಆಮೇಲೆ" ಮೂರು ವರ್ಷ ಬರಲಿಲ್ಲ.

ಕಲ್ಲು ಹತ್ತಿದ್ದು ನಿಜ. ಆದರೆ ಕಲ್ಲು ಒಡೆಯುವವರು ಊರಲ್ಲೇ ಇದ್ದರು. ನಿಮಗೊಂದು ಮಾತು ಹೇಳಿದ್ದರೆ ನೀವು ವಾಸ್ತುಶಾಂತಿಯನ್ನೇ ಮುಂದಕ್ಕೆ ಹಾಕುತ್ತಿದ್ದಿರಿ. ನನಗೆ ನಿಮ್ಮೆದುರು ನಿಂತು "ಆತ್ರಿ ಅಕ್ಕೋರ, ಎಲ್ಲಾ ಮುಗೀತ್ರಿ" ಎನ್ನಬೇಕಾಗಿತ್ತು. ಆ ಒಂದು ಶಾಭಾಸಿನ ಆಸೆ. ಅಷ್ಟೇ — ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುತ್ತಿಲ್ಲ.

ವಾಸ್ತುಶಾಂತಿಯ ದಿನ ಊಟವಾದ ಮೇಲೆ ನೀವು ನನ್ನನ್ನು ಹಿತ್ತಲಿಗೆ ಕರೆದು, ಆ ಮುಚ್ಚಳ ತೋರಿಸಿ ಕೇಳಿದಿರಿ: "ಇದಕ್ಕೇನರೆ ಜ್ವಾಪಾನ ಮಾಡಬೇಕೇನಪಾ?"

ಎಲ್ಲರಿಗೂ ಹೇಳುವ ಮಾತು ನಾಲಿಗೆಯ ಮೇಲೇ ಇತ್ತು. "ದಿನಾ ಒಂದ್ ಕೊಡ ನೀರ್ ಹಾಕ್ರಿ ಅಕ್ಕೋರ. ಮಣ್ಣ ಹಸಿ ಇದ್ರನ ಕರೆಂಟ ನೆಲಕ್ಕ ಇಳಿತೈತಿ."

ಬೇರೆಯವರಾಗಿದ್ದರೆ ನಾಲ್ಕು ದಿನ ಹಾಕಿ ಮರೆತುಬಿಡುತ್ತಿದ್ದರು. ನೀವು ಮೂವತ್ತೈದು ವರ್ಷ ಒಂದು ದಿನವೂ ತಡವಾಗಿ ಸಾಲೆಗೆ ಬಂದವರಲ್ಲ. ಬೆಳಗ್ಗೆ ತುಳಸಿಗೆ ನೀರು ಹಾಕಿ, ಅಲ್ಲಿಂದ ನೇರ ಗುಂಡಿಗೆ. "ದಸ್ತಗೀರನ ಗಿಡಕ್ಕ ನೀರ ಹಾಕಿ ಬರ್ತೀನಿ" ಎನ್ನುತ್ತಿದ್ದಿರಿ. "ಯಾವಾಗ ಹಣ್ಣ ಬಿಡತೈತಂತ ಇದು?" ಎಂದು ಕಾಕಾ ಕಾಡುತ್ತಿದ್ದರು. ಟ್ಯಾಂಕರಿನ ನೀರೇ ಗತಿಯಾದ ಬೇಸಿಗೆಯಲ್ಲೂ ಕಾಯಿಪಲ್ಲೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎತ್ತಿಟ್ಟು ಅದಕ್ಕೆ ಹಾಕುತ್ತಿದ್ದಿರಿ. ನಾನು ಅದನ್ನು ನೋಡಿದ್ದೇನೆ. ನೋಡಿ, ಕಾಕಾನ ಜೊತೆ ನಕ್ಕಿದ್ದೇನೆ ಕೂಡ.

ಮೂರನೆಯ ಬೇಸಿಗೆಯಲ್ಲಿ ಟ್ಯಾಂಕರು ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂತು. ಕಾಕಾ ನೀರೇರಿಸುವ ಮೋಟಾರು ಹಚ್ಚಿದರು, ನೀವು ಬಿದ್ದಿದ್ದ ಬಟ್ಟೆಗಳನ್ನೆಲ್ಲ ವಾಷಿಂಗ್ ಮಷಿನ್ನಿಗೆ ಹಾಕಲು ಹೋದಿರಿ. ಮೋಟಾರಿನೊಳಗಿನ ವೈರು ಸುಟ್ಟು ಅದರ ಮೈಗೆ ತಾಗಿತ್ತು. ಮನೆಯ ಅರ್ಥಿಂಗ್ ತಂತಿಗಳೆಲ್ಲ ಒಂದಕ್ಕೊಂದು ಕೂಡಿರುತ್ತವೆ. ನೆಲಕ್ಕಿಳಿಯಲು ದಾರಿಯಿಲ್ಲದ ಕರೆಂಟು ಅದೇ ತಂತಿ ಹಿಡಿದು ಮಷಿನ್ನಿನ ಮೈಗೆ ಬಂದು ಕುಳಿತಿತ್ತು. ನೀವು ಒದ್ದೆ ಕೈಯಲ್ಲಿ ಮುಟ್ಟಿದಿರಿ. ಎತ್ತಿ ಒಗೆದಂತಾಗಿ ಫರಸಿ ಕಲ್ಲಿನ ಮೇಲೆ ಬಲಗೈ ಊರಿ ಬಿದ್ದಿರಿ. ಕಾಕಾ ಓಡಿ ಬಂದು ಮೇನ್ ಸ್ವಿಚ್ ಇಳಿಸಿದರು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಕೈ ಮುರಿದದ್ದಷ್ಟೇ ಆಯಿತು ಎಂದು ಎಲ್ಲರೂ ದೇವರಿಗೆ ಕೈಮುಗಿದರು. ನಾನೂ ಅವತ್ತು ದರ್ಗಾಕ್ಕೆ ಹೋಗಿ ಬಹಳ ಹೊತ್ತು ಕೂತಿದ್ದೆ.

ಜತ್ತಿನ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಿರಿ. ನಾನು ಒಳಗೆ ಕಾಲಿಟ್ಟಾಗ ಎಲ್ಲ ಹೇಳಿಬಿಡುವ ನಿರ್ಧಾರದಲ್ಲೇ ಇದ್ದೆ, ನಂಬಿ. ನೀವೇ ಮೊದಲು ಮಾತಾಡಿದಿರಿ.

"ತಪ್ಪ ನಂದ ಐತಪಾ. ನಾಕ್ ದಿನಾ ಗುಂಡಿಗೆ ನೀರ್ ಹಾಕಲಿಲ್ಲ. ನೀ ಪಾಪ, ಹೇಳಿದ್ದಿ."

ನಾನು ಅಂದೆ: "ಹೌದ್ರಿ ಅಕ್ಕೋರ. ಒಣಗಿತ್ತರಿ."

ಇಷ್ಟೇ. ಪೈಪು ಕತ್ತರಿಸಿದ್ದಕ್ಕಿಂತ ಈ ಮಾತೇ ನನಗೆ ಹೆಚ್ಚು ನೋಯುತ್ತದೆ. ಪೈಪು ಕತ್ತರಿಸುವಾಗ ನಿಮಗೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ — ಈ ಮಾತು ಆಡುವಾಗ ನಿಮ್ಮ ಕೈ ನನ್ನ ಕಣ್ಣೆದುರೇ ಇತ್ತು.

ಮರುವಾರ ನೀವು ಪ್ಲಾಸ್ಟರ್ ತೋರಿಸಲು ಹೋದ ಹೊತ್ತು ನೋಡಿಕೊಂಡು ಕಲ್ಲು ಕೊರೆಯುವ ಯಂತ್ರ ತರಿಸಿದೆ. ಆ ತುಂಡು ಪೈಪು ಕಿತ್ತು ಚೀಲದಲ್ಲಿ ಸುತ್ತಿ ಒಯ್ದೆ. ಅದೇ ಗುಂಡಿಯಲ್ಲಿ ಪೂರ್ತಿ ಎಂಟಡಿ ಇಳಿಸಿದೆ, ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನೂ ಕೂಡಿಸಿದೆ. ಇನ್ನಷ್ಟು ಆಳ ಮಾಡಿದೆ ಎಂದು ನಿಮಗೆ ಹೇಳಿದೆ. ನಿಮ್ಮ ಮನೆಯೊಂದೇ ಏನು ಎಂದು ನೀವು ಕೇಳಬಹುದು. ಆ ವರ್ಷ ಇನ್ನೂ ಎರಡು ಮನೆಗೆ ಹೀಗೇ ಮಾಡಿದ್ದೆ. ಅವನ್ನೂ ಅದೇ ತಿಂಗಳು ತೋಡಿ ಸರಿಪಡಿಸಿದೆ. ಅವರಿಗೂ ಕಾರಣ ಹೇಳಲಿಲ್ಲ.

ಆದರೆ ಕೈ ಸರಿಹೋಗಲಿಲ್ಲ. ಊರಿನ ಲಗ್ನಪತ್ರಿಕೆಗಳ ಮೇಲೆಲ್ಲ ಹೆಸರು ಬರೆಯುತ್ತಿದ್ದ ಕೈ ಅದು. ನಿಮ್ಮ ಅಕ್ಷರ ಇದ್ದರೆ ಪತ್ರಿಕೆಗೇ ಒಂದು ಕಳೆ. ನನ್ನ ಮಗಳ ಲಗ್ನಕ್ಕೂ ಹಟ ಮಾಡಿ ಬರೆಯಲು ಕೂತಿರಿ. ಹತ್ತು ಬರೆಯುವುದರೊಳಗೆ ಪೆನ್ನು ಜಾರಿತು. "ಸಾಕಪಾ, ಉಳದದ್ದು ನೀ ಬರಿ. ನಾ ಕಲಿಸಿದ ಅಕ್ಷರನ ಅಲ್ಲೇನು?" ಎಂದು ನಕ್ಕಿರಿ. ಉಳಿದವನ್ನು ನಾನು ಬರೆದೆ. ಆ ಹತ್ತರಲ್ಲಿ ಒಂದನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೇನೆ.

ಆಮೇಲೆ ನಾನು ಮನೆಗಳ ತಪಾಸಣೆಯನ್ನೇ ಮುಖ್ಯ ಕೆಲಸ ಮಾಡಿಕೊಂಡೆ. ಬಾಲಗಾಂವದಿಂದ, ಡಫಳಾಪುರದಿಂದಲೂ ಕರೆಯುತ್ತಾರೆ. ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮುಚ್ಚಳ ತೆಗೆಸುತ್ತೇನೆ, ಅರ್ಥಿಂಗ್ ಅಳೆದು ಮೀಟರಿನ ಮುಳ್ಳು ಅವರಿಗೇ ತೋರಿಸುತ್ತೇನೆ, ಆಮೇಲೆ ಸಹಿ. "ದಸ್ತಗೀರ ಭಾಳ ಬಿಗಿ ಮನಷ್ಯಾ" ಎನ್ನುತ್ತಾರೆ. ಯಾಕೆ ಬಿಗಿ ಎಂದು ಯಾರೂ ಕೇಳಿಲ್ಲ. ಹೀಗೆ ಮಾಡುತ್ತ ಹೋದರೆ ಹಳೆಯದು ತೀರೀತು ಎಂದೂ ಒಂದು ಭ್ರಮೆ ಇತ್ತು.

ಹೋದ ಸೋಮವಾರ ಅದು ಹರಿಯಿತು. ಹಣ ಕೂಡಿಡುವ ನಿಮ್ಮ ಬಚತ್ ಗಟದ ಹೆಣ್ಣುಮಕ್ಕಳಿಗೆ ಮನೆಯ ಕರೆಂಟಿನ ಬಗ್ಗೆ ತಿಳಿಸಿ ಹೇಳು ಎಂದು ನನ್ನನ್ನು ಸಮಾಜ ಮಂದಿರಕ್ಕೆ ಕರೆದಿರಿ. ನಾನು ಶುರು ಮಾಡುವ ಮೊದಲೇ ನೀವೆದ್ದು ಸೊಟ್ಟಾದ ಕೈ ಎತ್ತಿ ಎಲ್ಲರಿಗೂ ತೋರಿಸಿದಿರಿ. "ಈ ಕೈ ನೋಡ್ರಿ. ದಸ್ತಗೀರ ಹೇಳಿದ್ದ, ನಾ ಕೇಳಲಿಲ್ಲ. ನೀವರೆ ಕೇಳ್ರಿ."

ಹಿಂದೆ ಕೂತಿದ್ದ ಒಬ್ಬ ಸೊಸೆ ಕೇಳಿದಳು: "ಹಂಗಾರ ನೀರ್ ಹಾಕಿದ್ರ ಸಾಕೇನ್ರಿ? ಮತ್ತೇನೂ ಆಗೂದಿಲ್ಲ?"

ನೀವು ನನ್ನ ಕಡೆ ನೋಡಿದಿರಿ. ಎಷ್ಟು ಅಭಿಮಾನದಿಂದ ನೋಡಿದಿರಿ, ಅಕ್ಕೋರ. ನಾನು ಉಪ್ಪಿನ ಬಗ್ಗೆ, ಇದ್ದಿಲಿನ ಬಗ್ಗೆ ಏನೋ ಹೇಳಿ ಮುಗಿಸಿದೆ. ಅವಳ ಮನೆಯ ಗುಂಡಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಅವಳು ಮಾತ್ರ ಅವತ್ತಿನಿಂದ ನೀರು ಹಾಕುತ್ತ ನಿಶ್ಚಿಂತೆಯಿಂದ ಇರಬಹುದು, ನೀವು ಇದ್ದಂತೆ.

ಬರುವ ಸೋಮವಾರ ಅದೇ ಸಮಾಜ ಮಂದಿರದಲ್ಲಿ ನಿಂತು ಇದನ್ನೆಲ್ಲ ಹೇಳುತ್ತೇನೆ. ಆ ಇನ್ನೆರಡು ಮನೆಯವರನ್ನೂ ಕರೆಯುತ್ತೇನೆ. ನೀರು ಹಾಕುವ ಮುಂಚೆ ಮುಚ್ಚಳ ತೆಗೆಸಿ ಅಳೆಸಿರಿ, ಯಾರೇ ಸಹಿ ಹಾಕಿರಲಿ, ನಾನೇ ಹಾಕಿರಲಿ ಎಂದು ಹೇಳುತ್ತೇನೆ. ಆಮೇಲೆ ಯಾರೂ ಕೆಲಸಕ್ಕೆ ಕರೆಯದಿದ್ದರೆ ಬೇಡ. ಆದರೆ ಊರಿಗೆ ಗೊತ್ತಾಗುವ ಮೊದಲು ನಿಮಗೆ ಗೊತ್ತಾಗಬೇಕು.

ನಾಳೆ ಬೆಳಗ್ಗೆ ನೀವು ತುಳಸಿಗೆ ನೀರು ಹಾಕುವ ಹೊತ್ತಿಗೆ ಬಂದು ಈ ಕಾಗದ ಕೊಡುತ್ತೇನೆ. ಓದಿ ಮುಗಿಸುವ ತನಕ ಹೊರಗೆ ನಿಂತಿರುತ್ತೇನೆ. ಕುಂಡ್ರು ಅನ್ನಬೇಡಿ, ಚಹಾ ಇಡಬೇಡಿ. ಹೊರಗಿನ ಕಟ್ಟೆಯ ಮೇಲೆ ಒಂದು ಚೀಲ ಇಟ್ಟಿರುತ್ತೇನೆ, ಅದರಲ್ಲಿ ಆ ಎರಡಡಿ ಪೈಪಿದೆ. ನೋಡಬೇಕೆನಿಸಿದರೆ ನೋಡಿ. ಬಲಗೈಯಲ್ಲಿ ಮಾತ್ರ ಎತ್ತಬೇಡಿ ಅಕ್ಕೋರ, ಭಾರ ಇದೆ.