ನೂರು ತೂತು, ಮೂರು ಮೂರು ಕಡ್ಡಿ

ಅವ್ವ ನಮ್ಮ ಪ್ರಯೋಗಾಲಯಕ್ಕೆ ಬಂದದ್ದು ಜುಲೈ ತಿಂಗಳ ಮೂರನೆಯ ಬುಧವಾರ. ನಮ್ಮೂರು ಮರಳಿಯಿಂದ ಗಂಗಾವತಿಗೆ ಟಂಟಂ ಆಟೋ, ಅಲ್ಲಿಂದ ಕೊಪ್ಪಳಕ್ಕೆ ಬಸ್ಸು. ಒಟ್ಟು ಒಂದು ತಾಸು ಐವತ್ತು ನಿಮಿಷ. ದಾರಿಯಲ್ಲಿ ಆಕೆ ಬಾಯಿ ಬಿಟ್ಟದ್ದು ನಾಲ್ಕೇ ಸಲ ಎಂದು ನನ್ನ ಡೈರಿಯಲ್ಲಿದೆ.

ಮೂರು ದಿನ ಮೊದಲು ನಾಟಿ ಗುಂಪು ಕಟ್ಟುವ ಹೆಂಗಸು ಮನೆಗೆ ಬಂದು, "ಅಕ್ಕಾ, ಈ ಸಲ ನೀ ಮನ್ಯಾಗ ಇರು. ನಿನ್ನ ಬೆರಳು ನಿಧಾನ ಆಗ್ಯಾವ" ಎಂದು ಹೇಳಿ ಹೋಗಿದ್ದಳು. ಇಪ್ಪತ್ತಾರು ವರ್ಷ ಭತ್ತದ ಸಸಿ ಹಚ್ಚಿದ ಅವ್ವ ಅಂದು ಊಟ ಮಾಡಲಿಲ್ಲ. ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತ ಕೂತಳು.

"ಖರೇನ ನಿಧಾನ ಆಗ್ಯಾವೋ, ಆಕಿ ಸುಳ್ಳು ಹೇಳ್ತಾಳೋ, ಹೆಂಗ ತಿಳಕೋಬೇಕವಾ?"

ಆಗ ನನಗೆ ನಮ್ಮ ಕಾಲೇಜಿನ ಮನೋವಿಜ್ಞಾನ ವಿಭಾಗದಲ್ಲಿರುವ ಬೆರಳ ಚುರುಕು ಅಳೆಯುವ ಹಲಗೆ ನೆನಪಾಯಿತು. ಆ ವಾರದ ಪ್ರಯೋಗಕ್ಕೆ ಹೊರಗಿನವರೊಬ್ಬರು ನನಗೂ ಬೇಕಾಗಿತ್ತು.

ಎರಡನೆಯ ವರ್ಷ ಓದುತ್ತಿದ್ದರೂ ಆ ಕೋಣೆಗೆ ಕಾಲಿಟ್ಟರೆ ಈಗಲೂ ನನ್ನ ದನಿ ತಾನಾಗಿಯೇ ತಗ್ಗುತ್ತದೆ. ಏಳು ಗಾಜಿನ ಕಪಾಟುಗಳು. ಒಂದರಲ್ಲಿ, ಕನ್ನಡಿಯಲ್ಲಷ್ಟೇ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಬೇಕಾದ ಉಪಕರಣ. ಇನ್ನೊಂದರಲ್ಲಿ, ದೀಪ ಹೊತ್ತಿದ ಮೇಲೆ ಬೆರಳು ಗುಂಡಿ ಒತ್ತಲು ಹಿಡಿದ ಹೊತ್ತನ್ನು ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೆ ಹೇಳುವ ಗಡಿಯಾರ. ಮೂಲೆಯಲ್ಲಿ ಹೊರಗಿನ ಶಬ್ದ ಬಾರದ ಪುಟ್ಟ ಕೋಣೆ. ಅವ್ವ ಅದರೊಳಗೆ ಒಂದು ನಿಮಿಷ ನಿಂತು ಹೊರಬಂದು, "ನನ್ನ ಎದಿ ಬಡಿಯೋದು ನನಗ ಕೇಳಸ್ತವಾ" ಎಂದಳು. ಮೊದಲ ಸಲ ನನಗೂ ಹಾಗೇ ಆಗಿತ್ತು.

ಹಲಗೆಯಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ತೂತು. ಪಕ್ಕದ ತಟ್ಟೆಯಲ್ಲಿ ಗುಂಡುಸೂಜಿಯಷ್ಟು ಸಣ್ಣ ಕಡ್ಡಿಗಳು. ಒಂದೇ ಕೈಯಿಂದ, ಸಲಕ್ಕೆ ಮೂರು ಕಡ್ಡಿ ಹೆಕ್ಕಿ ಒಂದು ತೂತಿಗೆ ಇಳಿಸಬೇಕು, ನೂರೂ ತುಂಬಬೇಕು. ನನಗೆ ಒಂಬತ್ತು ನಿಮಿಷ ಐದು ಸೆಕೆಂಡು ಹಿಡಿದಿತ್ತು. ತರಗತಿಯ ಹದಿನಾಲ್ಕು ಜನರಲ್ಲಿ ಎಲ್ಲರಿಗಿಂತ ಬೇಗ ಮುಗಿಸಿದವಳಿಗೆ ಎಂಟು ನಿಮಿಷ ಹತ್ತು ಸೆಕೆಂಡು.

"ಕೂಡ್ರಿ ಅಮ್ಮಾ," ಎಂದರು ಪ್ರಯೋಗ ನಡೆಸುವ ನಮ್ಮ ಮೇಡಂ.

"ಕೂತು ಹಚ್ಚಿ ರೂಢಿ ಇಲ್ರಿ," ಎಂದು ಅವ್ವ ಸೊಂಟ ಬಗ್ಗಿಸಿ ನಿಂತಳು. ನಾನು ಸ್ಟಾಪ್‌ವಾಚ್ ಒತ್ತಿದೆ.

ತುಂಬಿದ ಸಾಲಿಗೊಂದು ಗೆರೆಯಂತೆ ಹಾಳೆಯಲ್ಲಿ ಹಾಕಬೇಕಾಗಿದ್ದ ನಾನು ಹಾಕುವುದನ್ನೇ ಮರೆತೆ. ಆಕೆ ತಟ್ಟೆಯ ಕಡೆ ನೋಡಲೇ ಇಲ್ಲ. ಬೆರಳು ಹೋಗುತ್ತಿತ್ತು, ಬರುತ್ತಿತ್ತು. ಎರಡಲ್ಲ, ನಾಲ್ಕಲ್ಲ, ಪ್ರತಿ ಸಲ ಮೂರೇ. ಗದ್ದೆಯಲ್ಲಿ ಬುಡಕ್ಕೆ ಮೂರು ಸಸಿ ಇಡುವ ಲೆಕ್ಕ ಆ ಬೆರಳ ತುದಿಯಲ್ಲೇ ಇತ್ತು. ಹುಟ್ಟಿದಾಗಿನಿಂದ ನೋಡಿದ ಕೈ. ಅಂದೇ ಮೊದಲು ನೋಡಿದಂತಾಯಿತು.

ಐದು ಸಾಲು ತುಂಬಿದವು. ಅವ್ವ ಆರನೆಯದನ್ನು ಬಿಟ್ಟು ಏಳನೆಯದಕ್ಕೆ ಹೋದಳು. ನಡುವೆ ಮಾತಾಡುವಂತಿಲ್ಲ, ನಾನು ತುಟಿ ಕಚ್ಚಿಕೊಂಡೆ.

"ಅಮ್ಮಾ, ಒಂದು ಸಾಲು ಪೂರ್ತಿ ಖಾಲಿ ಬಿಟ್ಟೀರಲ್ರಿ?" ಮುಗಿದ ಮೇಲೆ ಮೇಡಂ ಕೇಳಿದರು.

"ಬಿಡಬೇಕಲ್ರಿ ಮತ್ತ! ಔಷಧ ಹೊಡಿಯೋ ಮನಷ್ಯಾ ಎಲ್ಲಿ ಕಾಲಿಡಬೇಕು, ಸಸಿ ಮ್ಯಾಲ?"

ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆದರೆ ನಿಯಮ ನಿಯಮವೇ. ಆ ಸರದಿ ಲೆಕ್ಕಕ್ಕಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಮೊದಲಿನಿಂದ. ದಣಿದ ಬೆರಳು ಈಗ ನಿಜವಾಗಿಯೂ ನಿಧಾನವಾದರೆ ಆಕೆಗೆ ಏನು ಹೇಳಲಿ ಎಂಬ ಚಿಂತೆ ನನಗೆ.

ಮೊದಲ ಐವತ್ತು ತೂತಿಗೆ ಮೂರು ನಿಮಿಷ ಐವತ್ತೆರಡು ಸೆಕೆಂಡು. ಉಳಿದ ಐವತ್ತಕ್ಕೆ ಮೂರು ನಿಮಿಷ ನಲವತ್ತನಾಲ್ಕು. ಕೂಡಿಸಿದರೆ ಏಳು ನಿಮಿಷ ಮೂವತ್ತಾರು ಸೆಕೆಂಡು. ಎರಡು ಸಲ ಕೂಡಿಸಿ, ನಮ್ಮ ತರಗತಿಯ ಎಲ್ಲರಿಗಿಂತ ಬೇಗ ಎಂದು ಅವ್ವನಿಗೆ ಹೇಳಿದೆ.

"ಇದನ್ನ ಒಂದು ಚೀಟ್ಯಾಗ ಬರದು ಕೊಡ್ರಿ," ಎಂದಳು ಅವ್ವ.

"ಇಲ್ಲಿ ಯಾರ ಹೆಸರೂ ಬರಿಯಂಗಿಲ್ರಿ ಅಮ್ಮಾ," ಎಂದರು ಮೇಡಂ. "ಮತ್ತ ಈ ಹಲಗಿ ಬೆರಳಿಂದಷ್ಟ ಹೇಳತೈತಿ, ದಿನಾ ಬಗ್ಗೋ ಬೆನ್ನಿಂದು ಹೇಳಂಗಿಲ್ಲ."

"ಬೆನ್ನಿಂದು ನನಗ ಗೊತ್ತೈತ್ರಿ. ಬೆರಳಿಂದ ಅನುಮಾನ ಇತ್ತು."

ಭಾನುವಾರ ಸಂಜೆ ಅವ್ವ ನನ್ನನ್ನೂ ಕರೆದುಕೊಂಡು ಗುಂಪಿನ ಆ ಹೆಂಗಸಿನ ಮನೆಗೆ ಹೋದಳು. ಆಕೆ ಒಲೆ ಹೊತ್ತಿಸಲು ಕೂತಿದ್ದಳು. ಅವ್ವ ಆಕೆಯ ಕೈಯಿಂದ ಕಡ್ಡಿಪೆಟ್ಟಿಗೆ ಇಸಿದುಕೊಂಡು ಕಡ್ಡಿಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡಳು. ಆಕೆಯ ಮುಖವನ್ನೇ ನೋಡುತ್ತ ಒಂದೇ ಕೈಯಿಂದ ಹೆಕ್ಕಿ ಹೆಕ್ಕಿ ನೆಲದ ಮೇಲೆ ಸಾಲಾಗಿ ಇಟ್ಟಳು.

"ಎಣಸು," ಎಂದಳು.

ಆಕೆ ಎಣಿಸಿದಳು. ನಾನೂ ಎಣಿಸಿದೆ: ಹದಿನಾಲ್ಕು ಗುಂಪು, ಪ್ರತಿಯೊಂದರಲ್ಲೂ ಮೂರು. ಮಡಿಲಲ್ಲಿ ಒಂದು ಉಳಿದಿತ್ತು.

ಆ ಹೆಂಗಸು ಉಳಿದ ಕಡ್ಡಿ ತೆಗೆದುಕೊಂಡು ಒಲೆ ಹೊತ್ತಿಸುತ್ತ, "ನಾಳೆ ಐದಕ್ಕ ಗಾಡಿ ಬರತೈತಿ ಅಕ್ಕಾ, ತಡಾ ಮಾಡಬ್ಯಾಡ" ಎಂದಳು.